ಪೋಸ್ಟ್‌ಮ್ಯಾನನ ಮೊಣಕಾಲು

ಡಿಸೆಂಬರ್ 7, 2024, ಶನಿವಾರ

ಈ ಡೈರಿಯನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಭಾಷಾಭಿಮಾನ ಕಾರಣವಲ್ಲ. ನನ್ನ ಹೆಂಡತಿ ವಾಯೊಲೆಟ್ ಬೊಂಬಾಯಿಯಲ್ಲಿ ಬೆಳೆದವಳು. ಮಗಳು ಫ್ಲೆನ್ಸಿ ಹುಟ್ಟಿದ್ದೇ ಬಹರೈನಿನಲ್ಲಿ. ಮನೆಮಾತು ಕೊಂಕಣಿ, ಇಬ್ಬರಿಗೂ ಕನ್ನಡ ಓದಲು ಬಾರದು. ಕಿನ್ನಿಗೋಳಿಯ ಕನ್ನಡ ಶಾಲೆಯಲ್ಲಿ ತಿಂದ ಪೆಟ್ಟುಗಳು ಐವತ್ತೆಂಟನೇ ವಯಸ್ಸಿನಲ್ಲಿ ಅಂತೂ ಉಪಯೋಗಕ್ಕೆ ಬಂದವು.

ವಿಷಯ ಏನೆಂದರೆ, ಜನವರಿ 24ಕ್ಕೆ ಫ್ಲೆನ್ಸಿಯ ಮದುವೆ. ಹುಡುಗ ಐರ್ಲೆಂಡಿನವನು, ಹೆಸರು ಫಿನ್‌ಬಾರ್. ಮೊದಲ ಸಲ ಕೇಳಿದಾಗ ಯಾವುದೋ ಚಾಕೊಲೇಟಿನ ಹೆಸರೆಂದುಕೊಂಡೆ. ಈಸಾ ಟೌನಿನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾನೆ. ಹುಡುಗ ಒಳ್ಳೆಯವನೇ. ಬಂಗಡೆಯ ಮುಳ್ಳನ್ನು ತಾನೇ ಬಿಡಿಸಿ ಕೈಯಲ್ಲಿ ತಿನ್ನುತ್ತಾನೆ. ದೂರಲು ಏನೂ ಸಿಗುತ್ತಿಲ್ಲ ಎಂಬುದೇ ನನ್ನ ದೂರು.

ಇವತ್ತು ಊಟಕ್ಕೆ ಕೂತಾಗ ಫ್ಲೆನ್ಸಿ ಹೊಸ ಸುದ್ದಿ ತೆಗೆದಳು. ಫಿನ್‌ಬಾರ್‌ನ ಮನೆಯಲ್ಲಿ ಒಂದು ಪದ್ಧತಿ ಇದೆಯಂತೆ. ಮದುಮಗಳು ಹಾಲ್‌ನೊಳಗೆ ಕಾಲಿಡುವಾಗ ಎರಡೂ ಕಡೆಯವರು ಸೇರಿ ಒಂದು ಟ್ಯೂನ್ ನುಡಿಸಬೇಕು. ಹಾರ್ನ್‌ಪೈಪ್ ಎನ್ನುತ್ತಾರೆ, ಅವರ ಕಡೆಯ ಕುಣಿತದ ಒಂದು ಬಗೆ. ಈ ಟ್ಯೂನಿನ ಹೆಸರು ‘ಪೋಸ್ಟ್‌ಮ್ಯಾನನ ಮೊಣಕಾಲು’. ಮದುವೆಗೆ ಇದಕ್ಕಿಂತ ಶುಭಕರವಾದ ಹೆಸರು ಅವರಿಗೆ ಸಿಗಲಿಲ್ಲವೋ ಏನೋ. ಹುಡುಗನ ಅಪ್ಪ ಡೆಕ್ಲನ್ ಫಿಡಲ್ ನುಡಿಸುತ್ತಾರೆ. ಫಿಡಲ್ ಅಂದರೆ ನಮ್ಮ ವಯೊಲಿನ್ನೇ, ಇಸ್ತ್ರಿ ಮಾಡದ ಅಂಗಿ ತೊಟ್ಟದ್ದು, ಅಷ್ಟೇ. ನಮ್ಮ ಕಡೆಯಿಂದ ಯಾರು ಎಂದು ಕೇಳುವುದೇ ಬೇಡ. ಮನಾಮಾ ಚರ್ಚಿನ ಕ್ವಾಯರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮೊದಲ ವಯೊಲಿನ್ ನಾನು. ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ಆಗ ಅವಳು ಹೇಳಿದಳು. “ಪಪ್ಪಾ, ಒಂದು ಮಾತು. ಅಲ್ಲಿ ಸ್ಟೇಜಿನಲ್ಲಿ ನೀವು ಯಾರನ್ನಾದ್ರೂ ತಿದ್ದಿದ್ರೆ ನಾನು ಒಳಗೆ ಬರುವುದಿಲ್ಲ. ಬಾಗಿಲಿಂದಲೇ ವಾಪಸ್ ಹೋಗ್ತೇನೆ.”

ಉಪ್ಪು ಕೊಡಿ ಎನ್ನುವಷ್ಟೇ ಸಹಜವಾಗಿ ಹೇಳಿದಳು. ಇದರ ಅರ್ಥ ಏನೆಂದು ಆಮೇಲೆ ವಾಯೊಲೆಟಳನ್ನು ಕೇಳಿದೆ. ನಿಮಗೆ ಗೊತ್ತುಂಟು ಎಂದಳು. ನನಗೇನು ಗೊತ್ತು?

ಡಿಸೆಂಬರ್ 10, ಮಂಗಳವಾರ

ಡಿಸೆಂಬರಿನಲ್ಲಿ ಬಹರೈನಿಗೆ ಎಸಿ ಬೇಡ, ಹಾಗಾಗಿ ಎಸಿ ಬಿಡಿಭಾಗಗಳ ಸ್ಟೋರ್‌ಕೀಪರ್ ಕೂಡ ಬೇಡ. ಬೆಳಿಗ್ಗೆಯಿಂದ ಕಂಪ್ಯೂಟರಿನಲ್ಲಿ ಪೋಸ್ಟ್‌ಮ್ಯಾನನ ಬೆನ್ನು ಹತ್ತಿದೆ.

ಒಂದೇ ಟ್ಯೂನಿಗೆ ಇಪ್ಪತ್ತಮೂರು ಪಾಠಾಂತರ. ಒಂದು ಊರಿನಲ್ಲಿ ಅದು ‘ಪೋಸ್ಟ್‌ಮ್ಯಾನನ ಮೊಣಕಾಲು’, ಪಕ್ಕದ ಊರಿನಲ್ಲಿ ‘ವಿಧವೆ ಬ್ರೈಡಿಯ ಗಡಿಯಾರ’, ಹಡಗು ಹತ್ತಿ ಅಮೆರಿಕಕ್ಕೆ ಹೋದ ಮೇಲೆ ‘ಒದ್ದೆ ಹ್ಯಾಟು’. ಸಾಲದ್ದಕ್ಕೆ ‘ಒದ್ದೆ ಹ್ಯಾಟು’ ಎಂಬ ಹೆಸರಿನ ಬೇರೆಯೇ ಒಂದು ಟ್ಯೂನ್ ಇದೆ, ಅದಕ್ಕೂ ಇದಕ್ಕೂ ನೆಂಟಸ್ತಿಕೆ ಇಲ್ಲ. ನನಗೇನೂ ಗಾಬರಿಯಾಗಲಿಲ್ಲ. ನಮ್ಮ ಚರ್ಚಿನಲ್ಲಿ ಡೆನ್ನಿಸ್ ಡಿಸೋಜ ಎಂಬವರು ಮೂವರಿದ್ದೇವೆ.

ಪುಟದ ಕೆಳಗಡೆ, ಕಮೆಂಟುಗಳಲ್ಲಿ, ನುಡಿಸುವವರ ಜಗಳ. ಎರಡನೇ ಭಾಗದಲ್ಲಿ ಸಿ ಶಾರ್ಪ್ ಸ್ವರ ಬರಬೇಕೆಂದು ಒಬ್ಬ, ಬರಬಾರದೆಂದು ಇನ್ನೊಬ್ಬ, ಎರಡರ ನಡುವೆ ಎಲ್ಲೋ ಬೆರಳಿಡಬೇಕೆಂದು ಮೂರನೆಯವನು. ಹದಿನಾಲ್ಕು ವರ್ಷದಿಂದ ನಡೆದಿದೆ. ಈಗ ಅಜ್ಜಂದಿರ ನಡತೆಯವರೆಗೆ ಬಂದು ಮುಟ್ಟಿದ್ದಾರೆ.

ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಇದ್ದುದರಲ್ಲಿ ಎಲ್ಲಕ್ಕಿಂತ ಹಳೆಯ ಪುಸ್ತಕದಲ್ಲಿ ಅಚ್ಚಾದ ಪಾಠವನ್ನು ಆರಿಸಿದೆ. ಅಚ್ಚಾದದ್ದೇ ಮೂಲ, ಉಳಿದದ್ದು ಬಾಯಿತಪ್ಪು. ಊರಿನಲ್ಲಿ ನನಗೆ ಕಲಿಸಿದ ಕ್ವಾಯರ್ ಮೇಸ್ತ್ರಿ ಹಾಗೆಯೇ ಹೇಳುತ್ತಿದ್ದರು, ಕೈಯಲ್ಲಿ ಬೆತ್ತ ಹಿಡಿದುಕೊಂಡು. ಆಫೀಸಿನ ಪ್ರಿಂಟರಿನಲ್ಲಿ ಎರಡು ಪ್ರತಿ ತೆಗೆದೆ. ಒಂದು ನನಗೆ, ಇನ್ನೊಂದು ಬೀಗರಿಗೆ. ಅವರೂ ಸರಿಯಾದದ್ದನ್ನು ಕಲಿಯಲಿ.

ಡಿಸೆಂಬರ್ 16, ಸೋಮವಾರ

ಬಹರೈನಿನ ರಾಷ್ಟ್ರೀಯ ದಿನದ ರಜೆ. ನಾವಿರುವ ಸನದ್‌ನ ಬೀದಿಯಲ್ಲಿ ಬಾಲ್ಕನಿಗೊಂದು ಬಾವುಟ. ಬೀಗರು ಊಟಕ್ಕೆ ಬಂದರು.

ಡೆಕ್ಲನ್ ಊರಿನಲ್ಲಿ ಹಾಲಿನ ಲಾರಿ ಓಡಿಸುತ್ತಿದ್ದವರು. ಹೆಂಡತಿ ತೀರಿಕೊಂಡು ಆರು ವರ್ಷವಾಯಿತಂತೆ. ಕೆಂಪು ಮುಖ, ಕಡಿಮೆ ಮಾತು, ದೊಡ್ಡ ಕೈ. ಆ ಬೆರಳುಗಳು ವಯೊಲಿನ್ನಿನ ತಂತಿಗಳ ನಡುವೆ ಹೇಗೆ ಹಿಡಿಸುತ್ತವೋ ದೇವರಿಗೇ ಗೊತ್ತು. ಕೋರಿ ರೊಟ್ಟಿಯನ್ನು ಸಾರಿಗೆ ಅದ್ದದೆ ಹಪ್ಪಳದ ಹಾಗೆ ಕಟಕಟ ಕಡಿದು ತಿಂದರು. ವಾಯೊಲೆಟ್‌ಗೆ ಆಗಲೇ ಅವರ ಮೇಲೆ ಅಕ್ಕರೆ ಹುಟ್ಟಿತು.

ಊಟವಾದ ಮೇಲೆ ಫಿಡಲ್ ತೆಗೆದರು. ಅವರಲ್ಲಿ ನುಡಿಸುವ ಮೊದಲು ಈ ಟ್ಯೂನ್ ಯಾರಿಂದ ಸಿಕ್ಕಿತು ಎಂದು ಹೇಳಬೇಕಂತೆ. ನಾವು ಊಟಕ್ಕೆ ಮೊದಲು ಶಿಲುಬೆಯ ಗುರುತು ಹಾಕಿಕೊಳ್ಳುತ್ತೇವಲ್ಲ, ಹಾಗೆ. ತನಗೆ ನೋರಾ ಅತ್ತೆಯಿಂದ, ಅತ್ತೆಗೆ ಹಂದಿ ಮಾರಲು ಬಂದ ಒಬ್ಬನಿಂದ ಸಿಕ್ಕಿದ್ದು ಎಂದರು. ಆಮೇಲೆ ನುಡಿಸಿದರು. ಅಯ್ಯೋ ದೇವರೇ. ಕಾಗದದಲ್ಲಿ ಸ್ವರಗಳೆಲ್ಲ ಸಮನಾಗಿ ಸಾಲಾಗಿ ನಿಂತಿವೆ. ಇವರದ್ದು ಒಂದು ಉದ್ದ, ಒಂದು ಗಿಡ್ಡ, ಒಂದು ಉದ್ದ, ಒಂದು ಗಿಡ್ಡ, ಕುಂಟಿಕೊಂಡೇ ಹೋಗುತ್ತದೆ. ಸಾಲದ್ದಕ್ಕೆ ಬೂಟುಗಾಲಿನಿಂದ ನಮ್ಮ ಟೈಲ್ಸಿಗೆ ಗುದ್ದು.

ನನ್ನ ಸರದಿ ಬಂತು. ಯಾರಿಂದ ಸಿಕ್ಕಿತು ಎಂದು ಕೇಳಿದರು. ಪಿಡಿಎಫ್‌ನಿಂದ ಎಂದೆ. ಫಿನ್‌ಬಾರ್ ತಟ್ಟೆಯನ್ನು ದಿಟ್ಟಿಸತೊಡಗಿದ. ನಾನು ಮೊದಲಿನಿಂದ ಕೊನೆಯವರೆಗೆ ಒಂದೂ ತಪ್ಪಿಲ್ಲದೆ ನುಡಿಸಿದೆ. ಆಮೇಲೆ ಬೀಗರಿಗೆಂದು ಇಟ್ಟಿದ್ದ ಪ್ರತಿಯಲ್ಲಿ ಅವರು ಎಡವಿದ ನಾಲ್ಕು ಜಾಗಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿ ಕೊಟ್ಟೆ. ಎರಡನೇ ಭಾಗವನ್ನು ಸ್ವಲ್ಪ ನೋಡಿಕೊಳ್ಳಿ ಎಂದೆ. ಅವರು ಥ್ಯಾಂಕ್ಸ್ ಹೇಳಿ ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು.

ಫ್ಲೆನ್ಸಿ ಎದ್ದು ತಟ್ಟೆಗಳನ್ನು ಒಳಗೆ ಒಯ್ದಳು. ಅಡುಗೆಮನೆಯಲ್ಲಿ ನಲ್ಲಿ ಬಹಳ ಹೊತ್ತು ಹರಿಯುತ್ತಿತ್ತು. ಐದು ತಟ್ಟೆಗೆ ಅಷ್ಟು ನೀರು ಬೇಕಿರಲಿಲ್ಲ.

ಡಿಸೆಂಬರ್ 17, ಮಂಗಳವಾರ

ಮನೆಯಲ್ಲಿ ಯಾರೂ ನನ್ನೊಡನೆ ಮಾತನಾಡುತ್ತಿಲ್ಲ. ತಿದ್ದಿದ್ದು ಸ್ಟೇಜಿನಲ್ಲಿ ಅಲ್ಲವಲ್ಲ, ಸೋಫಾದಲ್ಲಿ.

ಡಿಸೆಂಬರ್ 27, ಶುಕ್ರವಾರ

ಕ್ಷಮೆ ಕೇಳಿ ಬನ್ನಿ ಎಂದು ವಾಯೊಲೆಟ್ ಹತ್ತು ದಿನದಿಂದ ಜಪ ಮಾಡುತ್ತಿದ್ದಳು. ಇಲ್ಲಿ ವಾರದ ರಜೆ ಶುಕ್ರವಾರ, ಪೂಜೆಯೂ ಅಂದೇ. ಇವತ್ತು ಚರ್ಚ್ ಬಿಟ್ಟ ಮೇಲೆ, ಬೀಗರು ಇಳಿದುಕೊಂಡಿರುವ ಫಿನ್‌ಬಾರ್‌ನ ಮನಾಮಾದ ಫ್ಲ್ಯಾಟಿಗೆ ಹೋದೆ. ಕ್ಷಮೆ ಕೇಳುವ ಉದ್ದೇಶವಿರಲಿಲ್ಲ, ವಯೊಲಿನ್ ಮಾತ್ರ ಇತ್ತು.

ಡೆಕ್ಲನ್ ಏನೂ ಆಗದವರ ಹಾಗೆ ಚಹಾ ಮಾಡಿ ಕೊಟ್ಟರು. ನನ್ನ ಕಾಗದವನ್ನು ತೆಗೆದು ಫ್ರಿಜ್ಜಿನ ಮೇಲಿಟ್ಟರು. ಅವರು ಒಂದು ತುಣುಕು ನುಡಿಸುವುದು, ನಾನು ಹಿಂದಿನಿಂದ ನುಡಿಸುವುದು. ಕಣ್ಣಿಗೆ ಹಿಡಿದುಕೊಳ್ಳಲು ಏನೂ ಇಲ್ಲದೆ ಕಿವಿ ಒಂದನ್ನೇ ನಂಬಿ ಕೂತರೆ ನಾನು ಎಲ್‌ಕೆಜಿ ಮಗು ಎಂದು ಗೊತ್ತಾಯಿತು. ನಲವತ್ತೆಂಟು ವರ್ಷದ ವಿದ್ಯೆ, ಎರಡು ಗಂಟೆಯ ಬೆವರು, ಬಂದದ್ದು ಒಂದೂವರೆ ಸಾಲು. ಅವರು ಒಮ್ಮೆಯೂ ತಪ್ಪು ಎನ್ನಲಿಲ್ಲ. ಸುಮ್ಮನೆ ಮತ್ತೊಮ್ಮೆ ನುಡಿಸುತ್ತಿದ್ದರು.

ಹೊರಡುವಾಗ ಪರ್ಸಿನಿಂದ ನಾನು ಕೊಟ್ಟ ಪ್ರತಿಯನ್ನು ತೆಗೆದು ಬಿಚ್ಚಿದರು. ತನಗೆ ಸ್ವರಲಿಪಿ ಓದಲು ಬಾರದು ಎಂದರು. ಆದರೂ ಜೋಪಾನವಾಗಿ ಇಟ್ಟುಕೊಂಡಿದ್ದಾರಂತೆ, ಏಕೆಂದರೆ ಇಷ್ಟು ಶ್ರದ್ಧೆಯಿಂದ ಯಾರೂ ತನ್ನ ನುಡಿಸಾಣಿಕೆ ಕೇಳಿದ್ದಿಲ್ಲ. ಪೆನ್ಸಿಲಿನ ಸುತ್ತುಗಳನ್ನು ತೋರಿಸಿ, “ಇವು ನಿಮಗೆ ಇಷ್ಟವಾದ ಜಾಗಗಳು, ಅಲ್ಲವೇ?” ಎಂದು ಕೇಳಿದರು.

ಹೌದು ಎಂದೆ. ಲಿಫ್ಟಿನಲ್ಲಿ ಇಳಿಯುವಾಗ ಇದು ತಪ್ಪೊಪ್ಪಿಗೆಯಲ್ಲಿ ಹೇಳಬೇಕಾದ ಸುಳ್ಳೋ ಅಲ್ಲವೋ ಎಂದು ಯೋಚಿಸಿದೆ. ಪಾದ್ರಿಗಳಿಗೆ ಬೇರೆ ಕೆಲಸವಿದೆ, ಬಿಡು ಎನಿಸಿತು.

ಜನವರಿ 4, 2025, ಶನಿವಾರ

ನಾಲ್ಕನೇ ಪಾಠ. ಮೊದಲ ಭಾಗ ಬಂತು.

ನೋರಾ ಅತ್ತೆ ಇದೇ ಟ್ಯೂನನ್ನು ಮೂರು ಬಗೆಯಲ್ಲಿ ನುಡಿಸುತ್ತಿದ್ದರಂತೆ. ಕುಣಿಯುವವರಿದ್ದರೆ ಒಂದು, ಒಬ್ಬರೇ ಇದ್ದರೆ ಒಂದು, ಗಂಡ ಸತ್ತ ವರ್ಷ ಬಹಳ ನಿಧಾನದ್ದು ಒಂದು. ಡೆಕ್ಲನ್ ಮೂರನ್ನೂ ನುಡಿಸಿ ತೋರಿಸಿದರು. ಮೂರರಲ್ಲಿ ಸರಿಯಾದದ್ದು ಯಾವುದು ಎಂದು ಕೇಳಿದೆ. ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. “ಯಾವಾಗ?” ಎಂದು ತಿರುಗಿ ಕೇಳಿದರು.

ಮಾತಿನ ನಡುವೆ, ಫ್ಲೆನ್ಸಿಗೂ ಕಲಿಸಬೇಕಿತ್ತು ನೀವು, ಅವಳು ತನಗೆ ವಾದ್ಯ ಹಿಡಿಯಲೂ ಬರುವುದಿಲ್ಲ ಎನ್ನುತ್ತಾಳಲ್ಲ ಎಂದರು. ನಾನು ಚಹಾ ಕುಡಿದೆ.

ಇಲ್ಲಿ ಯಾರೂ ಓದುವುದಿಲ್ಲವಾದ್ದರಿಂದ ಬರೆಯಬಹುದು. ಅವಳಿಗೆ ಬರುತ್ತದೆ. ಹದಿಮೂರನೇ ವಯಸ್ಸಿನಲ್ಲಿ ನನಗಿಂತ ಚೆನ್ನಾಗಿ ನುಡಿಸುತ್ತಿದ್ದಳು. 2010ರ ಕ್ರಿಸ್ಮಸ್‌ಗೆ ಪ್ರಾಕ್ಟೀಸ್ ನಡೆದಿತ್ತು. ಒಂದು ಸಾಲಿನಲ್ಲಿ ಅವಳು ಅವಸರ ಮಾಡುತ್ತಿದ್ದಳು. ಇಡೀ ಕ್ವಾಯರಿನ ಎದುರು ನಿಲ್ಲಿಸಿ ಅದೊಂದೇ ಸಾಲನ್ನು ಹದಿನೇಳು ಸಲ ನುಡಿಸಲು ಹೇಳಿದೆ. ಸ್ವಂತ ಮಗಳೆಂದು ರಿಯಾಯಿತಿ ಕೊಡುವುದಿಲ್ಲ ಎಂದು ಎಲ್ಲರಿಗೂ ತೋರಿಸುವ ಚಪಲ. ಹದಿನಾರನೇ ಸಲ ಸರಿಯಾಗಿತ್ತು. ಖಾತ್ರಿಗೆ ಇನ್ನೊಮ್ಮೆ ಎಂದೆ. ಅದನ್ನೂ ನುಡಿಸಿ, ವಯೊಲಿನ್ನನ್ನು ಪೆಟ್ಟಿಗೆಯಲ್ಲಿಟ್ಟು, ತಲೆನೋವು ಎಂದಳು. ಮತ್ತೆ ಆ ಪೆಟ್ಟಿಗೆ ತೆರೆಯಲಿಲ್ಲ. ಎರಡು ವರ್ಷ ಕಾದು ನಾನೇ ಅದನ್ನು ಯಾರದೋ ಮಗುವಿಗೆ ಕೊಟ್ಟುಬಿಟ್ಟೆ. ಅವಳು ಕೇಳಲೂ ಇಲ್ಲ.

ಆ ಹದಿನೇಳನೇ ಸಲ ನೆನೆದರೆ ನನಗೆ ನಾಚಿಕೆಯಾಗುತ್ತದೆ. ಇದನ್ನು ಕೊಂಕಣಿಯಲ್ಲಿ ಅವಳ ಎದುರು ಹೇಳಲು ಹದಿನಾಲ್ಕು ವರ್ಷ ಸಾಲಲಿಲ್ಲ.

ಜನವರಿ 9, ಗುರುವಾರ

ಕ್ವಾಯರ್ ಪ್ರಾಕ್ಟೀಸ್. ಹೊಸದಾಗಿ ಸೇರಿದ ರಾಯ್‌ಸ್ಟನ್ ಎರಡನೇ ವಯೊಲಿನ್ನಿನಲ್ಲಿ ಒಂದು ಸ್ವರವನ್ನು ಮೂರೂ ಸಲ ತಪ್ಪಾಗಿ ಹಿಡಿದ. ನಾನು ಸುಮ್ಮನಿದ್ದೆ. ಹಾಡು ಮುಗಿದ ಮೇಲೆ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಹುಷಾರಿಲ್ಲವಾ ಎಂದು ಕೇಳಿದರು. ಎರಡು ದಿನದಿಂದ ಶೀತ ಇದೆ, ಅದೇ ಇರಬೇಕು. ಬರುವಾಗ ರಾಯ್‌ಸ್ಟನ್ ಕಾರಿನವರೆಗೆ ನನ್ನ ಪೆಟ್ಟಿಗೆ ಹೊತ್ತು ತಂದ, ಪಾಪ.

ಜನವರಿ 15, ಬುಧವಾರ

ಎರಡನೇ ಭಾಗ ಬರುತ್ತಿಲ್ಲ. ಡೆಕ್ಲನ್ ಜೊತೆಗಿದ್ದರೆ ಬರುತ್ತದೆ, ಒಬ್ಬನೇ ಕೂತರೆ ನಾಲ್ಕು ಹೆಜ್ಜೆಗೆ ದಾರಿ ತಪ್ಪುತ್ತದೆ. ಸಂಜೆ ಬೆಡ್‌ರೂಮಿನ ಬಾಗಿಲು ಹಾಕಿಕೊಂಡು ಒಂದು ಗಂಟೆ ಹೋರಾಡಿದೆ. ಆಚೆ ರೂಮಿನಲ್ಲಿ ಫ್ಲೆನ್ಸಿ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದಳು. ಮದುವೆಯಾಗಿ ನಾಲ್ಕನೇ ದಿನ ಇಬ್ಬರೂ ಐರ್ಲೆಂಡಿಗೆ ಹೊರಡುತ್ತಾರೆ. ಫಿನ್‌ಬಾರ್‌ಗೆ ಅಲ್ಲಿ ಕೆಲಸ ಸಿಕ್ಕಿದೆ. ಈ ಸಂಗತಿಯನ್ನು ಇಷ್ಟು ದಿನ ಇಲ್ಲಿ ಬರೆಯಲಿಲ್ಲ.

ಹಾಲು ತರಲು ಕೆಳಗಿನ ಕೋಲ್ಡ್ ಸ್ಟೋರಿಗೆ ಹೋದರೆ ಅಂಗಡಿಯ ಉಮ್ಮರ್ ಕುಂಞಿ ಮೊಟ್ಟೆ ಜೋಡಿಸುತ್ತಾ ಪೋಸ್ಟ್‌ಮ್ಯಾನನನ್ನೇ ಗುನುಗುತ್ತಿದ್ದ, ಅರ್ಧ ಬ್ಯಾರಿ ಹಾಡಿನ ಧಾಟಿಯಲ್ಲಿ. ನಮ್ಮ ಕಿಟಕಿ ಅವನ ಅಂಗಡಿಯ ನೆತ್ತಿಯ ಮೇಲಿದೆ.

“ಎಂತ ಡೆನ್ನಿಸರೇ, ಇವತ್ತು ಸಮಾ ಆಗ್ಲಿಲ್ಲ ಅಲ್ವಾ?” ಎಂದ. ಮೊನ್ನೆ ಚೆನ್ನಾಗಿತ್ತಂತೆ. ಇವತ್ತು ಬಿಲ್ಲು ಕಟ್ಟುವ ಗಿರಾಕಿಗಳೂ ಬೇಜಾರು ಮಾಡಿಕೊಂಡರಂತೆ. ಇಪ್ಪತ್ತನಾಲ್ಕನೇ ಪಾಠಾಂತರ ಸನದ್‌ನ ಕೋಲ್ಡ್ ಸ್ಟೋರಿನಲ್ಲಿ ಹುಟ್ಟಿದೆ ಎಂದು ಡೆಕ್ಲನ್‌ಗೆ ಮೆಸೇಜ್ ಮಾಡಿದೆ.

ಜನವರಿ 23, ಗುರುವಾರ

ನಿನ್ನೆ ಸಂಜೆ ರೋಸ್, ಮದುವೆಗೆ ಮುಂಚೆ ಮದುಮಕ್ಕಳ ಮೈಗೆ ಹಾಲು ಹಚ್ಚುವ ನಮ್ಮ ಶಾಸ್ತ್ರ. ಊರಿನಲ್ಲಾದರೆ ಚಪ್ಪರ, ಇಲ್ಲಿ ಬಾಡಿಗೆಯ ಹಾಲ್. ಫ್ಲೆನ್ಸಿಯನ್ನು ಮಣೆಯ ಮೇಲೆ ಕೂರಿಸಿ ನೆಂಟರಿಷ್ಟರೆಲ್ಲ ತೆಂಗಿನ ಹಾಲು ಹಚ್ಚಿದೆವು.

ವೊವಿಯೊ, ಅಂದರೆ ನಮ್ಮ ಸೋಬಾನೆ, ಹಾಡಲು ಶುರುಮಾಡಿದ ಕೂಡಲೇ ಜಗಳ. ನನ್ನ ಅಕ್ಕ ಸೆವ್ರಿನ್ ಕಿನ್ನಿಗೋಳಿಯ ಧಾಟಿ ಎತ್ತಿದಳು, ಬಾರ್ಕೂರಿನ ಜುಲಿಯಾನಾ ಬಾಯಿ ಅದು ಸತ್ತವರ ಮನೆಯ ಧಾಟಿ ಎಂದರು. ಇಬ್ಬರೂ ಏಕಕಾಲಕ್ಕೆ ತಂತಮ್ಮದನ್ನು ಏರುದನಿಯಲ್ಲಿ ಹಾಡಿದರು. ಯಾರೂ ಸೋಲಲಿಲ್ಲ. ಯಾರೋ ಡೆಕ್ಲನ್‌ಗೂ ಹಾಲು ಹಚ್ಚಿದ್ದರು, ಅವರ ತಲೆಯಿಂದ ತೊಟ್ಟಿಕ್ಕುತ್ತಿತ್ತು, ಕಣ್ಣು ಹೊಳೆಯುತ್ತಿತ್ತು. ಇಷ್ಟು ದೂರ ಬಂದರೂ ಮನೆಯಲ್ಲೇ ಇದ್ದ ಹಾಗಿದೆ ಎಂದರು.

ಆಮೇಲೆ ನಾವಿಬ್ಬರು ನುಡಿಸಬೇಕೆಂದು ಎಲ್ಲರ ಒತ್ತಾಯ. ನಾನು ಯಾರಿಗೂ ಹೇಳದೆ ಪೆಟ್ಟಿಗೆಯಲ್ಲಿ ಹಳೆಯ ಕಾಗದ ಇಟ್ಟುಕೊಂಡಿದ್ದೆ. ಅದನ್ನು ಪಕ್ಕದ ಸ್ಟೂಲಿನ ಮೇಲೆ ಮೆಲ್ಲಗೆ ಹರಡಿದೆ. ಸೆವ್ರಿನಕ್ಕ ಜುಲಿಯಾನಾ ಬಾಯಿಗೆ ಇನ್ನೇನೋ ಉತ್ತರ ಕೊಡುವ ಭರದಲ್ಲಿ ಹಾಲಿನ ಬಟ್ಟಲನ್ನು ತಂದು ಸರಿಯಾಗಿ ಅದರ ಮೇಲೆಯೇ ಕವುಚಿದಳು. ಕಣ್ಣೆದುರೇ ಸ್ವರಗಳು ಗಂಜಿಯಾದವು.

ಮೊದಲ ಭಾಗ ದಾಟಿದೆ. ಎರಡನೆಯದರಲ್ಲಿ, ದಿನಾ ತಪ್ಪುವ ಜಾಗದಲ್ಲೇ ನಿಂತುಬಿಟ್ಟೆ. ಡೆಕ್ಲನ್ ಕೂಡ ನಿಲ್ಲಿಸಿದರು. ಅರುವತ್ತು ಜನ ನೋಡುತ್ತಿದ್ದಾರೆ, ನನ್ನ ವಯೊಲಿನ್ನಿನ ಕಮಾನು ಗಾಳಿಯಲ್ಲಿದೆ. ಎಲ್ಲರ ಎದುರು ನಿಂತು ಮುಂದಿನದು ಬಾರದಿರುವುದು ಎಂದರೇನೆಂದು ನನಗೆ ಈ ಜನ್ಮದಲ್ಲಿ ಗೊತ್ತಿರಲಿಲ್ಲ.

ಆಗ ಮಣೆಯ ಮೇಲಿನಿಂದ ದನಿ ಬಂತು. ಮೂಗಿನಿಂದ ಹಾಲು ಇಳಿಯುತ್ತಿದ್ದ ನನ್ನ ಮಗಳು, ಕಣ್ಣು ಮುಚ್ಚಿಕೊಂಡೇ, ಎರಡನೇ ಭಾಗವನ್ನು ಗುನುಗುತ್ತಿದ್ದಳು. ಗೋಡೆಯಾಚೆಯಿಂದ ಕೇಳಿ ಕೇಳಿ ಅವಳಿಗೆ ಬಂದಿತ್ತು. ಆದರೆ ಡೆಕ್ಲನ್ ಕೆಳಗಿಳಿಯುವ ಕಡೆ ಇವಳು ಮೇಲೆ ಹೋದಳು. ಕಾಗದದಲ್ಲೂ ಹಾಗಿಲ್ಲ, ಇಪ್ಪತ್ತಮೂರರಲ್ಲಿ ಒಂದರಲ್ಲೂ ಹಾಗಿಲ್ಲ.

ಗುನುಗು ಮುಗಿಸಿ ಕಣ್ಣು ತೆರೆದಳು. “ತಪ್ಪಾ, ಪಪ್ಪಾ?”

“ಗೊತ್ತಿಲ್ಲ ಬಾಯೆ,” ಎಂದೆ. “ಇನ್ನೊಮ್ಮೆ ಹೇಳು, ನಾನು ಹಿಂದಿನಿಂದ ಬರ್ತೇನೆ.”

ಇನ್ನೊಮ್ಮೆ ಹೇಳಿದಳು. ಮತ್ತೂ ಒಮ್ಮೆ ಹೇಳಬೇಕಾಯಿತು. ಮೂರನೇ ಸಲಕ್ಕೆ ನನಗೆ ಬಂತು.

ಜನವರಿ 25, ಶನಿವಾರ

ನಿನ್ನೆ ಮದುವೆ ಮುಗಿಯಿತು. ಪಾದ್ರಿಗಳ ಪ್ರಸಂಗ ನಲವತ್ತು ನಿಮಿಷ. ಮೊದಲ ಹತ್ತು ಚೆನ್ನಾಗಿತ್ತು.

ಹಾಲ್‌ನಲ್ಲಿ ಇನ್ನೂರು ಜನ. ಬಾಗಿಲಿನಲ್ಲಿ ಫ್ಲೆನ್ಸಿ, ಫಿನ್‌ಬಾರ್. ಡೆಕ್ಲನ್ ಮೈಕ್ ಹಿಡಿದು ತನಗೆ ಈ ಟ್ಯೂನ್ ನೋರಾ ಅತ್ತೆಯಿಂದ ಸಿಕ್ಕಿದ್ದು ಎಂದು ಹೇಳಿ ಮೈಕನ್ನು ನನ್ನತ್ತ ಚಾಚಿದರು. ಬಂದವರಿಗೆಲ್ಲ ವಂದನೆ ಹೇಳುವ ಒಂದು ಭಾಷಣ ನನ್ನ ಕೋಟಿನ ಜೇಬಿನಲ್ಲಿತ್ತು. ಅದನ್ನು ತೆಗೆಯಲಿಲ್ಲ. ಕೊಂಕಣಿಯಲ್ಲೇ ಹೇಳಿದೆ. “ನನಗೆ ಇದು ನನ್ನ ಮಗಳು ಫ್ಲೆನ್ಸಿಯಿಂದ ಸಿಕ್ಕಿದ್ದು. ನಾನು ಕಲಿಸಲಿಕ್ಕೆ ಹೋಗಿ ಅವಳ ಸಂಗೀತವನ್ನು ಹಾಳು ಮಾಡಿದ್ದೆ. ಅವಳು ನನಗೆ ಕಲಿಸಿದಳು.”

ನಾನೂ ಡೆಕ್ಲನ್ನೂ ನುಡಿಸಲು ಶುರುಮಾಡಿದೆವು. ಮೊದಲ ಭಾಗ ಮುಗಿಯಿತು, ಎರಡನೆಯದು ಬಂತು. ಬಾಗಿಲಿನಲ್ಲಿ ಅವಳು ನಿಂತಲ್ಲೇ ನಿಂತಿದ್ದಳು. ಮುಖ ಆಚೆ ತಿರುಗಿತ್ತು. ಹೊರಟೇಬಿಟ್ಟಳು ಎಂದುಕೊಂಡೆ. ಆದರೂ ಕಮಾನು ನಿಲ್ಲಿಸಲಿಲ್ಲ. ಮತ್ತೆ ಮೊದಲಿಗೆ ಬಂದೆವು. ವಾಯೊಲೆಟ್ ಎದ್ದು ಹೋಗಿ ಅವಳ ಕೆನ್ನೆಗೆ ಟಿಶ್ಯೂ ಒತ್ತುವುದು ಕಂಡಿತು. ಆಮೇಲೆ ಫ್ಲೆನ್ಸಿ ಒಳಗೆ ಬಂದಳು, ಅದೇ ಉದ್ದ ಗಿಡ್ಡ ತಾಳಕ್ಕೆ, ಆ ಎತ್ತರದ ಚಪ್ಪಲಿಯಲ್ಲಿ, ಸ್ಟೇಜಿನವರೆಗೂ ನನ್ನನ್ನೇ ನೋಡಿಕೊಂಡು. ಅವಳು ನಡೆದು ಮುಗಿಸುವವರೆಗೆ ಟ್ಯೂನನ್ನು ಐದು ಸಲ ತಿರುಗಿಸಬೇಕಾಯಿತು. ಐವತ್ತು ಸಲವಾದರೂ ನಾನು ತಯಾರಿದ್ದೆ.

ಕೇಕ್ ಕತ್ತರಿಸಿದ ಮೇಲೆ ನನ್ನ ಪಕ್ಕಕ್ಕೆ ಬಂದು ಕೂತಳು. ಕಣ್ಣಿನ ಕಾಡಿಗೆ ಕೆನ್ನೆಗಿಳಿದಿತ್ತು. ಅಪ್ಪಿಕೊಳ್ಳುತ್ತಾಳೆ ಎಂದುಕೊಂಡೆ.

“ಪಪ್ಪಾ, ಕೊನೆಯ ಸಲ ನೀವು ಕೆಳಗೆ ಇಳಿದ್ರಿ,” ಎಂದಳು. “ಅಲ್ಲಿ ಮೇಲೆ ಹೋಗ್ಬೇಕು.”

ಅವಳು ಹೇಳಿದ್ದು ಸರಿ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನಾನು ವಯೊಲಿನ್ ತೆಗೆದುಕೊಂಡು ಫಿನ್‌ಬಾರ್‌ನ ಫ್ಲ್ಯಾಟಿಗೆ ಬರಬೇಕಂತೆ. ಬಾಯಲ್ಲಿ ಹೇಳಿದರೆ ನನಗೆ ತಲೆಗೆ ಹತ್ತುವುದಿಲ್ಲ, ತಾನೇ ನುಡಿಸಿ ತೋರಿಸುತ್ತಾಳಂತೆ. ತಡ ಮಾಡಿದರೆ ಆಗುವುದಿಲ್ಲವಂತೆ.

ಭಾನುವಾರ ನನಗೆ ಡ್ಯೂಟಿ. ಈಗಷ್ಟೇ ಮ್ಯಾನೇಜರಿಗೆ ರಜೆಯ ಅರ್ಜಿ ಕಳಿಸಿದೆ. ಕಾರಣ ಎಂಬಲ್ಲಿ ‘ವಯೊಲಿನ್ ಕ್ಲಾಸು’ ಎಂದು ಬರೆದೆ.